ಗಣಕದಲ್ಲಿ ಉಳಿದ ವಿಮಾನ ನಿಲ್ದಾಣ

ಹಾರಾಟವನ್ನು ಅನುಕರಿಸುವ ತಂತ್ರಾಂಶವನ್ನು ತೆರೆದೊಡನೆ ವಿಮಾನ ಎಲ್ಲಿ ನಿಂತಿರಬೇಕು? ತಂತ್ರಾಂಶ ರಚಿಸುವವರು ಇದನ್ನು ಮೊದಲೇ ನಿರ್ಧರಿಸಿರುತ್ತಾರೆ. 1982ರಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಆ ಸ್ಥಳ ಅಮೆರಿಕದ ಶಿಕಾಗೊ ನಗರದ ಮೇಗ್ಸ್ ಫೀಲ್ಡ್. ರಚನಕಾರ ಬ್ರೂಸ್ ಆರ್ಟ್‌ವಿಕ್‌ಗೆ ಅದು ಅಪರಿಚಿತ ಪ್ರದೇಶವಲ್ಲ. ಅದೇ ರಾಜ್ಯದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ, ಹಾರಾಟದ ದೃಶ್ಯವನ್ನು ಗಣಕದಿಂದ ಮೂಡಿಸುವ ಬಗ್ಗೆ ಅವರು 1975ರಲ್ಲಿ ಸ್ನಾತಕೋತ್ತರ ಪ್ರಬಂಧ ಬರೆದಿದ್ದರು.

ಈ ತಾಣ ಗಣಕಕ್ಕೂ ಅನುಕೂಲಕರವಾಗಿತ್ತು. ಅಂದಿನ ಐಬಿಎಂ ಪಿಸಿಯ ಸಂಸ್ಕಾರಕದ ವೇಗ ಕೇವಲ 4.77 ಮೆಗಾಹರ್ಟ್ಸ್. ವಿಮಾನ ಚಲಿಸಿದಂತೆಲ್ಲ ಪ್ರತಿ ರೇಖೆಯ ಸ್ಥಾನವನ್ನೂ ಹೊಸದಾಗಿ ಲೆಕ್ಕ ಹಾಕಬೇಕಿತ್ತು. ನಿಲ್ದಾಣದ ಒಂದು ಬದಿಗೆ ಮಿಷಿಗನ್ ಸರೋವರ. ಅದನ್ನು ಒಂದೇ ಬಣ್ಣದ ಸಮತಲವಾಗಿ ತೋರಿಸಿದರೆ ಸಾಕು. ಇನ್ನೊಂದು ಬದಿಗೆ ನಗರದ ಎತ್ತರದ ಕಟ್ಟಡಗಳು. ಕೆಲವೇ ರೇಖೆಗಳಿಂದ ಅವನ್ನು ಗುರುತಿಸುವಂತೆ ಬಿಡಿಸಬಹುದು. ಹತ್ತಿರದ ವಸ್ತು ಬೇಗ, ದೂರದ್ದು ನಿಧಾನವಾಗಿ ಸರಿಯುವುದನ್ನು ಕಂಡೇ ನಮ್ಮ ಕಣ್ಣು ವೇಗವನ್ನೂ ದೂರವನ್ನೂ ಅಂದಾಜು ಮಾಡುತ್ತದೆ. ಬರಿಯ ನೀರಿನ ಮೇಲೆ ಆ ಸುಳಿವು ಸಿಗುವುದಿಲ್ಲ.

ಹೀಗೆ, 1948ರಲ್ಲಿ ತೆರೆದ, ಒಂದೇ ಓಡುಪಥದ ಪುಟ್ಟ ನಿಲ್ದಾಣ ಶಿಕಾಗೊವನ್ನು ಕಾಣದವರಿಗೂ ಚಿರಪರಿಚಿತವಾಯಿತು. ಆದರೆ 2003ರ ಮಾರ್ಚ್ 30ರ ರಾತ್ರಿ, ಮೇಯರ್ ರಿಚರ್ಡ್ ಡೇಲಿಯವರ ಆದೇಶದಂತೆ ಬುಲ್‌ಡೋಜರ್‌ಗಳು ಓಡುಪಥವನ್ನು ಅಗೆದುಹಾಕಿದವು. ಈಗ ಅಲ್ಲಿರುವುದು ಉದ್ಯಾನ. ಆದರೆ ತಂತ್ರಾಂಶದ ಹಳೆಯ ಆವೃತ್ತಿಗಳಲ್ಲಿ ಓಡುಪಥ ಹಾಗೆಯೇ ಇದೆ.

ಗಣಕದ ಮಾದರಿ ತಾನಾಗಿ ಬದಲಾಗುವುದಿಲ್ಲ. ವಾಸ್ತವದೊಡನೆ ಅದನ್ನು ಹೋಲಿಸಿ ನೋಡುವ ಹೊಣೆ ಎಂದಿಗೂ ನಮ್ಮದೇ.