ಗ್ರಹಣದ ದಿನ ಒನಕೆ ನೆಟ್ಟಗೆ ನಿಲ್ಲುವುದು ಏಕೆ?

ಗ್ರಹಣ ಹತ್ತಿರ ಬಂದರೆ ಸಾಕು, ಮೊಬೈಲ್‌ಗೆ ಒಂದು ವಿಡಿಯೊ ಬಂದೇ ಬರುತ್ತದೆ. ಹರಿವಾಣದಲ್ಲಿ ನೀರು, ಅದರ ನಡುವೆ ಯಾವ ಆಸರೆಯೂ ಇಲ್ಲದೆ ನೆಟ್ಟಗೆ ನಿಂತ ಒನಕೆ, ಸುತ್ತ ನೆರೆದ ಮನೆಮಂದಿ. ಕೆಳಗೊಂದು ಸಾಲು: ‘ಗ್ರಹಣ ಬಿಟ್ಟ ಕೂಡಲೇ ಒನಕೆ ತಾನಾಗಿ ಬೀಳುತ್ತದೆ, ಎಲ್ಲರಿಗೂ ಕಳಿಸಿ.’ 2019ರ ಡಿಸೆಂಬರ್ 26 ಮತ್ತು 2020ರ ಜೂನ್ 21ರ ಸೂರ್ಯಗ್ರಹಣಗಳಲ್ಲೂ ಇಂಥ ವಿಡಿಯೊಗಳು ಹರಿದಾಡಿದವು.

ಚುಟುಕಾಗಿ ಹೇಳುವುದಾದರೆ, ಒನಕೆ ನಿಲ್ಲುವುದು ನಿಜ. ಅದು ಗ್ರಹಣದಿಂದ ನಿಲ್ಲುತ್ತದೆ ಎನ್ನುವುದು ಸುಳ್ಳು.

ಹಾಗಾದರೆ ಒನಕೆ ನಿಲ್ಲುವುದು ಹೇಗೆ?

ಯಾವುದೇ ವಸ್ತುವಿನ ಭಾರದ ಕೇಂದ್ರ ಅದರ ತಳದ ನೇರಕ್ಕೆ ಇದ್ದರೆ ಆ ವಸ್ತು ನಿಲ್ಲುತ್ತದೆ. ಒನಕೆಯ ತುದಿ ಚಪ್ಪಟೆಯಾಗಿರುತ್ತದೆ, ಅನೇಕ ಒನಕೆಗಳಿಗೆ ತುದಿಯಲ್ಲಿ ಕಬ್ಬಿಣದ ಬಳೆಯೂ ಇರುತ್ತದೆ. ಸಮತಟ್ಟಾದ ಜಾಗದಲ್ಲಿ ತಾಳ್ಮೆಯಿಂದ ಹಿಡಿದು, ನಿಧಾನವಾಗಿ ಕೈಬಿಟ್ಟರೆ ಅದು ನಿಲ್ಲುತ್ತದೆ. ಗಾಳಿ ಬೀಸಿದರೆ, ಯಾರಾದರೂ ತಾಕಿದರೆ ಬೀಳುತ್ತದೆ.

ಸೂರ್ಯ, ಚಂದ್ರ ಒಂದೇ ಸಾಲಿಗೆ ಬಂದಾಗ ಸೆಳೆತ ಹೆಚ್ಚುತ್ತದಲ್ಲವೇ?

ಪ್ರತಿ ಅಮಾವಾಸ್ಯೆಯಲ್ಲೂ ಸೂರ್ಯ, ಚಂದ್ರರು ಭೂಮಿಯ ಒಂದೇ ಬದಿಯಲ್ಲಿರುತ್ತಾರೆ. ಚಂದ್ರನ ಕಕ್ಷೆ ಸುಮಾರು 5 ಡಿಗ್ರಿ ಓರೆಯಾಗಿರುವುದರಿಂದ ಎಲ್ಲ ಅಮಾವಾಸ್ಯೆಗೂ ಗ್ರಹಣವಾಗುವುದಿಲ್ಲ, ಅಷ್ಟೇ. ಆದರೆ ಸೆಳೆತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಸಮುದ್ರದ ಉಬ್ಬರ ಇಳಿತಕ್ಕೆ ಕಾರಣವಾಗುವ ಈ ಸೆಳೆತ, ಇಬ್ಬರದೂ ಸೇರಿದರೂ, ಭೂಮಿಯ ಗುರುತ್ವದ ಕೋಟಿಯಲ್ಲಿ ಎರಡು ಪಾಲಿಗಿಂತ ಕಡಿಮೆ. ಅದು ಒನಕೆಯನ್ನು ಹಿಡಿದು ನಿಲ್ಲಿಸಲಾರದು.

ಮನೆಯಲ್ಲೇ ಪರೀಕ್ಷಿಸಿ

ಗ್ರಹಣವಿಲ್ಲದ ಒಂದು ದಿನ ಅದೇ ಒನಕೆ, ಅದೇ ಹರಿವಾಣ ತೆಗೆದುಕೊಳ್ಳಿ. ಹತ್ತು ಸಲ ನಿಲ್ಲಿಸಲು ಪ್ರಯತ್ನಿಸಿ, ಎಷ್ಟು ಸಲ ನಿಂತಿತೆಂದು ಬರೆದಿಡಿ. ಗ್ರಹಣದ ದಿನವೂ ಹತ್ತು ಸಲ ಮಾಡಿ ಹೋಲಿಸಿ. ವಿಶ್ವವಿದ್ಯಾಲಯದ ಪ್ರಯೋಗಾಲಯಗಳಲ್ಲಿ ನಡೆಯುವುದೂ ಇಂಥದ್ದೇ ಹೋಲಿಕೆ. ಫಾರ್ವರ್ಡ್ ವಿಡಿಯೊದಲ್ಲಿ ಗ್ರಹಣದ ದಿನ ಮಾತ್ರ ಇದೆ, ಉಳಿದ ದಿನಗಳಿಲ್ಲ. ಸಾಮಾನ್ಯವಾಗಿ ಬೇರೆ ದಿನ ಯಾರೂ ಒನಕೆಯನ್ನು ಹಾಗೆ ನಿಲ್ಲಿಸಿ ನೋಡುವುದಿಲ್ಲ.

ಹೀಗೆ ಕೇಳುವುದು ಸಂಸ್ಕೃತಿಗೆ ವಿರೋಧವೇ?

ಅಲ್ಲ. ಗ್ರಹಣವೆಂದರೆ ನೆರಳಿನ ಆಟ ಎಂದು ಆರ್ಯಭಟ ಕ್ರಿ.ಶ. 499ರ ಹೊತ್ತಿಗೇ ವಿವರಿಸಿದ್ದ. ಪಂಚಾಂಗದಲ್ಲಿ ಗ್ರಹಣದ ಹೊತ್ತು ಬರೆಯುವುದು ಗಣಿತದಿಂದ. ಕರ್ನಾಟಕದ ಅನೇಕ ಶಾಸನಗಳಲ್ಲಿ ಸೂರ್ಯಗ್ರಹಣದಂದು ದಾನ ಕೊಟ್ಟ ಉಲ್ಲೇಖವಿದೆ. ಆ ಉಲ್ಲೇಖ ಇಂದು ಶಾಸನಗಳ ಕಾಲ ನಿರ್ಣಯಿಸಲು ಸಂಶೋಧಕರಿಗೆ ನೆರವಾಗುತ್ತಿದೆ. ನಂಬಿಕೆಯಿಂದ ಬರೆಸಿದ್ದು ವಿಜ್ಞಾನಕ್ಕೂ ಉಪಯೋಗಕ್ಕೆ ಬಂದಿದೆ.

ಪ್ರಶ್ನೆ ಕೇಳುವ ಈ ಪರಂಪರೆ ನಮ್ಮಲ್ಲಿ ಕಾಲೇಜಿನ ಗೋಡೆ ದಾಟಿಯೂ ಬಂದಿದೆ. ಭೌತವಿಜ್ಞಾನದ ಮೇಷ್ಟ್ರು ಎಚ್. ನರಸಿಂಹಯ್ಯ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, 1976ರಲ್ಲಿ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಒಂದು ಸಮಿತಿ ರಚಿಸಿದರು. ಅದಕ್ಕೆ ಬೆಂಬಲವೂ ಸಿಕ್ಕಿತು, ವಿರೋಧವೂ ಬಂತು. ಅದೇ ವರ್ಷ ಸಂವಿಧಾನಕ್ಕೆ ತಂದ 42ನೇ ತಿದ್ದುಪಡಿ, ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದನ್ನು ನಾಗರಿಕರ ಮೂಲಭೂತ ಕರ್ತವ್ಯಗಳ ಪಟ್ಟಿಗೆ ಸೇರಿಸಿತು.

ಒನಕೆ ನಿಲ್ಲಿಸಿದರೆ ಯಾರಿಗೇನು ನಷ್ಟ?

ಒನಕೆಯಿಂದ ಏನೂ ನಷ್ಟವಿಲ್ಲ. ಆದರೆ ‘ಗ್ರಹಣಕ್ಕೆ ವಿಶೇಷ ಶಕ್ತಿ ಇದೆ, ಕಣ್ಣಾರೆ ನೋಡಿ’ ಎಂಬ ಮಾತನ್ನು ಒಪ್ಪಿಕೊಂಡರೆ, ಅದರ ಬೆನ್ನಿಗೆ ಬರುವ ಬೇರೆ ಮಾತುಗಳನ್ನು ನಂಬುವುದೂ ಸುಲಭವಾಗುತ್ತದೆ. 2019ರ ಡಿಸೆಂಬರ್ ಗ್ರಹಣದಂದು ಕಲಬುರಗಿ ಸಮೀಪದ ಗ್ರಾಮವೊಂದರಲ್ಲಿ, ಅಂಗವೈಕಲ್ಯ ವಾಸಿಯಾಗುತ್ತದೆಂಬ ಆಸೆಯಿಂದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದು ದೇಶದಾದ್ಯಂತ ಸುದ್ದಿಯಾಯಿತು. ಆ ತಂದೆತಾಯಿಯರು ಮಕ್ಕಳ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದರು. ಅವರನ್ನು ನೋಡಿ ನಗುವುದರಿಂದ ಏನೂ ಬದಲಾಗದು. ಆ ಮಕ್ಕಳಿಗೆ ಬೇಕಿದ್ದದ್ದು ವೈದ್ಯರು ಮತ್ತು ಫಿಸಿಯೋಥೆರಪಿ.

ಮುಂದಿನ ಗ್ರಹಣಕ್ಕೆ ನೆನಪಿಡಿ

• ಗರ್ಭಿಣಿಯರನ್ನು ಹೊತ್ತುಗಟ್ಟಲೆ ಅನ್ನ, ನೀರಿಲ್ಲದೆ ಇರಿಸಬೇಡಿ. ಗ್ರಹಣದಿಂದ ಮಗುವಿಗೆ ಸೀಳುತುಟಿ ಬರುವುದಿಲ್ಲ. ಸೀಳುತುಟಿ ಉಂಟಾಗುವುದು ಗರ್ಭದ ಮೊದಲ ಮೂರು ತಿಂಗಳಲ್ಲಿ. ವಂಶವಾಹಿ, ತಂಬಾಕು ಮುಂತಾದವು ಅದಕ್ಕೆ ಕಾರಣವಾಗಬಹುದು.

• ಸಕ್ಕರೆ ಕಾಯಿಲೆ ಇರುವವರು ಮಾತ್ರೆ, ಊಟದ ಹೊತ್ತು ತಪ್ಪಿಸಬಾರದು.

• ಗ್ರಹಣಕ್ಕೆ ಮೊದಲು ಮಾಡಿದ ಅಡುಗೆ ಗ್ರಹಣದಿಂದ ವಿಷವಾಗುವುದಿಲ್ಲ. ಬಹಳ ಹೊತ್ತು ಹೊರಗಿಟ್ಟರೆ ಯಾವ ದಿನವಾದರೂ ಹಳಸುತ್ತದೆ.

• ನಿಜವಾದ ಅಪಾಯ ಇರುವುದು ಕಣ್ಣಿಗೆ. ಸೂರ್ಯನನ್ನು ನೇರವಾಗಿ ನೋಡಿದರೆ ಅಕ್ಷಿಪಟಲ ಸುಡಬಹುದು, ನೋವೂ ಗೊತ್ತಾಗುವುದಿಲ್ಲ. ಎಕ್ಸ್‌ರೇ ಹಾಳೆ, ಕೂಲಿಂಗ್ ಗ್ಲಾಸ್, ಅರಿಶಿನ ನೀರಿನ ಪ್ರತಿಬಿಂಬ ಯಾವುದೂ ಸುರಕ್ಷಿತವಲ್ಲ. ಗ್ರಹಣ ನೋಡಲೆಂದೇ ಮಾಡಿದ ಪ್ರಮಾಣಿತ ಕನ್ನಡಕ ಬಳಸಿ. ಚಂದ್ರಗ್ರಹಣವನ್ನು ಬರಿಗಣ್ಣಿನಲ್ಲಿ ಧಾರಾಳವಾಗಿ ನೋಡಬಹುದು.

2027ರ ಆಗಸ್ಟ್ 2ರ ಸಂಜೆ ಕರ್ನಾಟಕದಲ್ಲೂ ಭಾಗಶಃ ಸೂರ್ಯಗ್ರಹಣ ಕಾಣಲಿದೆ. ಸ್ನಾನ, ಜಪ ನಿಮ್ಮ ಮನೆಯ ಪದ್ಧತಿಯಾಗಿದ್ದರೆ ಮಾಡಿಕೊಳ್ಳಿ. ಒನಕೆಯ ವಿಡಿಯೊ ಮತ್ತೆ ಬಂದರೆ ಕಳಿಸಿದವರೊಡನೆ ಜಗಳ ಬೇಡ. ‘ನಾಳೆಯೂ ನಿಲ್ಲಿಸಿ ನೋಡೋಣವೇ?’ ಎಂದು ಕೇಳಿ. ನಿಂತರೆ ಆ ವಿಡಿಯೊವನ್ನೂ ಗ್ರೂಪ್‌ಗೆ ಕಳಿಸಿ.