ಒಂದೇ ಮದ್ದು, ಎರಡು ನಡತೆ

ಅಂಡಾಶಯ ತೆಗೆದರೆ ಕೆಲವು ಹೆಂಗಸರ ಸ್ತನದ ಗಡ್ಡೆ ಕುಗ್ಗುತ್ತದೆಂದು ಗ್ಲಾಸ್ಗೋದ ಶಸ್ತ್ರವೈದ್ಯ ಜಾರ್ಜ್ ಬೀಟ್ಸನ್ 1896ರಲ್ಲಿ ಪ್ರಕಟಿಸಿದರು. ಎಲ್ಲರದೂ ಏಕಲ್ಲ? ಉತ್ತರಕ್ಕೆ 60 ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಷಿಕಾಗೋದ ಎಲ್ವುಡ್ ಜೆನ್ಸನ್ ಈಸ್ಟ್ರೋಜನ್ ಹಾರ್ಮೋನನ್ನು ಹಿಡಿದಿಟ್ಟುಕೊಳ್ಳುವ ಗ್ರಾಹಕ ಪ್ರೋಟೀನನ್ನು ಗುರುತಿಸಿದರು. ಅದಿಲ್ಲದ ಗಡ್ಡೆ ಹಾರ್ಮೋನು ಚಿಕಿತ್ಸೆಗೆ ಬಗ್ಗುವುದು ಅಪರೂಪ.

ಗರ್ಭನಿರೋಧಕವಾಗಲೆಂದು ಹುಟ್ಟಿ ಆ ಕೆಲಸದಲ್ಲಿ ಸೋತ ಟಮಾಕ್ಸಿಫೆನ್, 1970ರ ದಶಕದಲ್ಲಿ ಸ್ತನ ಕ್ಯಾನ್ಸರಿನ ಮದ್ದಾಯಿತು. ಅದು ಅಂಟಿಕೊಳ್ಳುವುದು ಈ ಗ್ರಾಹಕಕ್ಕೇ. ವಿಚಿತ್ರವೆಂದರೆ, ಸ್ತನದಲ್ಲಿ ಈಸ್ಟ್ರೋಜನ್ನನ್ನು ತಡೆಯುವ ಇದೇ ಮಾತ್ರೆ ಗರ್ಭಕೋಶದಲ್ಲಿ ಈಸ್ಟ್ರೋಜನ್ನಿನಂತೆಯೇ ವರ್ತಿಸಿ, ಅಲ್ಲಿನ ಕ್ಯಾನ್ಸರಿನ ಅಪಾಯವನ್ನು ತುಸು ಹೆಚ್ಚಿಸುತ್ತದೆ. ಗ್ರಾಹಕ ಒಂಟಿಯಾಗಿ ದುಡಿಯುವುದಿಲ್ಲ. ಕೆಲವು ಪ್ರೋಟೀನುಗಳು ಅದನ್ನು ಹುರಿದುಂಬಿಸುತ್ತವೆ, ಕೆಲವು ಕಟ್ಟಿಹಾಕುತ್ತವೆ. 1995ರಲ್ಲಿ ಪತ್ತೆಯಾದ ಎಸ್‌ಆರ್‌ಸಿ-1 ಹುರಿದುಂಬಿಸುವ ಬಗೆಯದು. ಗರ್ಭಕೋಶದ ಜೀವಕೋಶಗಳಲ್ಲಿ ಇದು ಹೆಚ್ಚಾಗಿರುವುದರಿಂದಲೇ ಟಮಾಕ್ಸಿಫೆನ್ ಅಲ್ಲಿ ಬಣ್ಣ ಬದಲಿಸುತ್ತದೆಂದು 2002ರ ಸಂಶೋಧನೆಯೊಂದು ತೋರಿಸಿತು.