ಮದುವೆ ಸಾಲ ಮತ್ತು ಮರೆತುಹೋದ ಒಂದು ಕಾದಂಬರಿ

ಇತಿಹಾಸದ ಉಪಾಧ್ಯಾಯನಾಗಿದ್ದ ವರ್ಷಗಳಲ್ಲಿ ನಾಜಿ ಜರ್ಮನಿಯ ಪಾಠವನ್ನು ಎಷ್ಟು ಸಲ ಮಾಡಿದೆನೋ ಲೆಕ್ಕವಿಲ್ಲ. ವರ್ಸೈಲ್ಸ್ ಒಪ್ಪಂದ, ನಿರುದ್ಯೋಗ, ಯಹೂದಿಗಳ ಹತ್ಯೆ, ಯುದ್ಧ ಎಲ್ಲವನ್ನೂ ಕಪ್ಪುಹಲಗೆಯ ಮೇಲೆ ಬರೆದಿದ್ದೇನೆ. ಆ ದೇಶದ ಸ್ತ್ರೀಯರಿಗೆ ಏನಾಯಿತೆಂದು ಮಾತ್ರ ಒಮ್ಮೆಯೂ ಹೇಳಲಿಲ್ಲ. ಯಾವ ವಿದ್ಯಾರ್ಥಿನಿಯೂ ಕೇಳಲಿಲ್ಲ. ನಿವೃತ್ತಿಯ ಬಳಿಕ ಕ್ಯಾಥರೀನ್ ಬರ್ಡೆಕಿನ್ ಎಂಬ ಆಂಗ್ಲ ಲೇಖಕಿಯ 'ಸ್ವಸ್ತಿಕ ನೈಟ್' ಓದಿದಾಗ ಆ ಲೋಪ ಅರಿವಿಗೆ ಬಂದಿತು.

ಎರಡನೆಯ ಮಹಾಯುದ್ಧಕ್ಕೆ ಎರಡು ವರ್ಷ ಮೊದಲೇ, 1937ರಲ್ಲಿ, ಪ್ರಕಟವಾದ ಕಾದಂಬರಿಯಿದು. (ಆರ್ವೆಲ್ಲನ '1984' ಬಂದದ್ದು 1949ರಲ್ಲಿ ಎಂಬುದನ್ನು ಗಮನಿಸಬೇಕು.) ಕಥೆ ನಡೆಯುವುದು ಸುಮಾರು 700 ವರ್ಷಗಳ ಮುಂದೆ. ಜಗತ್ತನ್ನು ಜರ್ಮನಿ ಮತ್ತು ಜಪಾನ್ ಹಂಚಿಕೊಂಡಿವೆ, ಹಿಟ್ಲರ್ ದೇವರಾಗಿದ್ದಾನೆ. ಸ್ತ್ರೀಯರು ಬೋಳುತಲೆಯವರಾಗಿ, ದೊಡ್ಡಿಯೊಳಗಿನ ದನಗಳಂತೆ ಬದುಕುತ್ತಾರೆ. ಗಂಡುಮಗುವಿಗೆ 18 ತಿಂಗಳು ತುಂಬಿತೆಂದರೆ ತಾಯಿಯ ಕೈಯಿಂದ ಕಿತ್ತುಕೊಳ್ಳಲಾಗುತ್ತದೆ. ರಹಸ್ಯವಾಗಿ ಉಳಿಸಿಕೊಂಡ ಹಳೆಯ ಛಾಯಾಚಿತ್ರವೊಂದರಲ್ಲಿ ಹಿಟ್ಲರನ ಪಕ್ಕ ಉದ್ದಕೂದಲಿನ ಹುಡುಗಿಯೊಬ್ಬಳಿದ್ದಾಳೆ. ಚಿತ್ರವನ್ನು ನೋಡಿದ ಕಥಾನಾಯಕ ಆಕೆಯನ್ನು ಸುಂದರ ಹುಡುಗನೆಂದೇ ಭಾವಿಸುತ್ತಾನೆ! ಹೆಣ್ಣು ಹಾಗೆ ಇರಬಲ್ಲಳೆಂಬ ಕಲ್ಪನೆಯೇ ಅವನಿಗಿಲ್ಲ. ಈ ಪ್ರಸಂಗವನ್ನು ಓದಿ ಪುಸ್ತಕ ಮುಚ್ಚಿಟ್ಟು ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ.

ಇದೆಲ್ಲ ಬರಿಯ ಕಲ್ಪನೆಯೇ? 1933ರಲ್ಲಿ ಹಿಟ್ಲರನ ಸರ್ಕಾರ ನವದಂಪತಿಗಳಿಗೆ 1,000 ಮಾರ್ಕುಗಳವರೆಗೆ ಮದುವೆ ಸಾಲ ನೀಡತೊಡಗಿತು. ವಧು ತನ್ನ ಉದ್ಯೋಗ ಬಿಡಬೇಕೆಂಬುದು ಷರತ್ತು. ಒಂದೊಂದು ಮಗು ಹುಟ್ಟಿದಾಗಲೂ ಸಾಲದ ಕಾಲುಭಾಗ ಮನ್ನಾ. ಅದೇ ವರ್ಷ ವಿಶ್ವವಿದ್ಯಾಲಯಗಳ ಹೊಸ ಪ್ರವೇಶದಲ್ಲಿ ಹೆಣ್ಣುಮಕ್ಕಳಿಗೆ ಶೇ. 10ರ ಮಿತಿ ಬಂದಿತು. 1936ರಲ್ಲಿ ನ್ಯಾಯಪೀಠವೂ ವಕೀಲಿಯೂ ಅವರ ಪಾಲಿಗೆ ಮುಚ್ಚಿದವು. ವಿಪರ್ಯಾಸವೆಂದರೆ, ಯುದ್ಧಸಿದ್ಧತೆಗೆ ದುಡಿಯುವ ಕೈಗಳು ಸಾಲದೆ ಬಂದಾಗ ಉದ್ಯೋಗ ಬಿಡುವ ಷರತ್ತನ್ನು ಸರ್ಕಾರವೇ ಕೈಬಿಟ್ಟಿತು. ಅದೂ 1937ರಲ್ಲೇ.

ಬರ್ಡೆಕಿನ್ ಈ ಕೃತಿಯನ್ನು ಪ್ರಕಟಿಸಿದ್ದು ಮರ್ರೆ ಕಾನ್‌ಸ್ಟಂಟೈನ್ ಎಂಬ ಗಂಡಸಿನ ಹೆಸರಿನಲ್ಲಿ. ಅದರ ಹಿಂದಿದ್ದ ಲೇಖಕಿಯನ್ನು ಡಾಫ್ನೆ ಪಟಾಯ್ ಎಂಬ ವಿದುಷಿ ಬೆಳಕಿಗೆ ತಂದರು. 1985ರಲ್ಲಿ ಕಾದಂಬರಿ ಆಕೆಯ ನಿಜನಾಮದೊಡನೆ ಅಮೆರಿಕದಲ್ಲಿ ಮರುಮುದ್ರಣಗೊಂಡಿತು. ಇಂದು ಎಲ್ಲರೂ ಬಲ್ಲ ಮಾರ್ಗರೆಟ್ ಆಟ್‌ವುಡ್ಡರ 'ದ ಹ್ಯಾಂಡ್‌ಮೇಡ್ಸ್ ಟೇಲ್' ಹೊರಬಂದದ್ದೂ ಅದೇ ವರ್ಷ. ಮಾನವರು ಎಲ್ಲಿಯೂ, ಎಂದೂ ಮಾಡದಿದ್ದುದನ್ನು ತಾವು ಅದರಲ್ಲಿ ಸೇರಿಸಿಲ್ಲವೆಂದು ಆಟ್‌ವುಡ್ ಹೇಳಿಕೊಂಡಿದ್ದಾರೆ. ಬರ್ಡೆಕಿನ್ ಅದನ್ನು ಓದಲಿಲ್ಲ; ಅವರು 1963ರಲ್ಲಿಯೇ ತೀರಿಕೊಂಡಿದ್ದರು.